ತೆಂಗಿನ ನಾಡಿನಲ್ಲಿ ಎರಡು ರಾತ್ರಿ: ತೋಟದ ಮನೆಗೆ ಅತಿಥಿಯಾಗಿ ಹೋಗುವ ಮುನ್ನ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)



ಬೆಂಗಳೂರಿನಿಂದ ಅರಸೀಕೆರೆ ಕಡೆಗೆ ರೈಲಿನಲ್ಲಿ ಹೋದವರಿಗೆ ಈ ದೃಶ್ಯ ಗೊತ್ತೇ ಇರುತ್ತೆ. ತುಮಕೂರು ದಾಟಿ, ಗುಬ್ಬಿ, ನಿಟ್ಟೂರು ದಾಟಿದ ಮೇಲೆ ಕಿಟಕಿಯ ಎರಡೂ ಬದಿ ತೆಂಗು ಶುರುವಾಗುತ್ತೆ. ಅಮ್ಮಸಂದ್ರ ಬರುತ್ತೆ, ಬಾಣಸಂದ್ರ ಬರುತ್ತೆ, ಕರಡಿ ಬರುತ್ತೆ, ತೆಂಗು ಮಾತ್ರ ಮುಗಿಯೋದಿಲ್ಲ. ತಿಪಟೂರಿನಲ್ಲಿ ಗಾಡಿ ನಿಂತಾಗ ಒಂದು ಕಾಫಿ ಕುಡಿದು, ಮತ್ತೆ ಕಿಟಕಿ ಪಕ್ಕ ಕೂತು ನಾವು ಮುಂದೆ ಹೋಗಿಬಿಡ್ತೀವಿ. ಯಾರೋ ಚಿಕ್ಕಮಗಳೂರಿಗೆ, ಯಾರೋ ಶಿವಮೊಗ್ಗಕ್ಕೆ, ಯಾರೋ ಬೇಲೂರು–ಹಳೇಬೀಡಿಗೆ. ತಿಪಟೂರಿನಲ್ಲಿ ಇಳಿದು ಎರಡು ದಿನ ಇದ್ದು ಬರೋಣ ಅಂತ ಯಾರಾದರೂ ಅಂದ್ರೆ, ಮನೆಯಲ್ಲಿ ಮೊದಲು ಬರೋ ಪ್ರಶ್ನೆ ಒಂದೇ: 'ಅಲ್ಲೇನಿದೆ ನೋಡೋಕೆ?'

ಇವತ್ತಿನ ಸಂಚಿಕೆ ಆ ಪ್ರಶ್ನೆಗೆ ಉತ್ತರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಒಂದು ಕುಟುಂಬ ವಾಸವಿರುವ ತೋಟದ ಮನೆಗೆ ಅತಿಥಿಯಾಗಿ ಹೋಗೋದು ಹೇಗೆ? ಯಾವಾಗ ಹೋಗಬೇಕು, ಏನು ಕೇಳಿ ಬುಕ್ ಮಾಡಬೇಕು, ಕೊಟ್ಟ ದುಡ್ಡಿಗೆ ಏನು ನಿರೀಕ್ಷಿಸಬೇಕು? ಅದರ ಜೊತೆಗೆ, ನಾವು ಹೋಗೋದರಿಂದ ಆ ಮನೆಗೆ ಏನು ಸಿಗುತ್ತೆ, ಏನು ಹೊರೆಯಾಗುತ್ತೆ ಅನ್ನೋದನ್ನೂ ನೋಡೋಣ.

ಪ್ರವಾಸ ಬದಲಾಗಿದ್ದು ಹೇಗೆ?

ಹತ್ತು ಹದಿನೈದು ವರ್ಷದ ಹಿಂದೆ ಪ್ರವಾಸ ಅಂದ್ರೆ ವರ್ಷಕ್ಕೊಂದು. ಬೇಸಿಗೆ ರಜೆಯಲ್ಲಿ ಒಂದು ವಾರ, ಒಂದೇ ಏಟಿಗೆ ಎಂಟು ಊರು. ಈಗ ಹಾಗಲ್ಲ. ಶುಕ್ರವಾರ ಸಂಜೆ ಹೊರಟು ಭಾನುವಾರ ರಾತ್ರಿ ವಾಪಸ್. ಸೋಮವಾರವೋ ಶುಕ್ರವಾರವೋ ಸರ್ಕಾರಿ ರಜೆ ಸಿಕ್ಕಿದರೆ ಬೆಂಗಳೂರಿನಿಂದ ಹೊರಡೋ ಎಲ್ಲಾ ರಸ್ತೆಗಳಲ್ಲೂ ಕಾರಿನ ಸಾಲು. ಎಲ್ಲರೂ ಹೋಗೋದು ಅದೇ ನಾಲ್ಕೈದು ಕಡೆ.

ಆ ಒತ್ತಡವನ್ನು ಬೆಟ್ಟದ ಊರುಗಳು ತಾಳಲಾರದೆ ಹೋದವು. ಮದ್ರಾಸ್ ಹೈಕೋರ್ಟ್ ಆದೇಶದ ಮೇರೆಗೆ 2024ರ ಮೇ 7ರಿಂದ ಊಟಿ, ಕೊಡೈಕೆನಾಲ್‌ಗೆ ಹೋಗುವ ವಾಹನಗಳಿಗೆ ಇ-ಪಾಸ್ ಬಂತು. 2025ರಲ್ಲಿ ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೂ ಮೊದಲೇ ಆನ್‌ಲೈನ್‌ನಲ್ಲಿ ನೋಂದಣಿ ಮಾಡಿಸಿಕೊಂಡು ಹೋಗುವ ವ್ಯವಸ್ಥೆ ಬಂತು. ಅಂದ್ರೆ ಬೆಟ್ಟ ನೋಡೋಕೂ ಸರದಿ. ಹಾಗಾಗಿ ಜನ ಬೇರೆ ಜಾಗ ಹುಡುಕ್ತಿದ್ದಾರೆ: ಹತ್ತಿರ ಇರಬೇಕು, ಗದ್ದಲ ಇರಬಾರದು, ಮಕ್ಕಳಿಗೆ ಮಣ್ಣು ಮುಟ್ಟೋಕೆ ಸಿಗಬೇಕು, ಮನೆ ಊಟ ಇರಬೇಕು.

ಬೆಂಗಳೂರಿನಿಂದ ತಿಪಟೂರು ಸುಮಾರು 140 ಕಿ.ಮೀ. ರೈಲಿನಲ್ಲಿ ಎರಡೂವರೆ ಗಂಟೆ ಹೆಚ್ಚುಕಮ್ಮಿ. ಈ ಬೇಡಿಕೆಗೆ ಇದಕ್ಕಿಂತ ಹೊಂದುವ ಜಾಗ ಕಡಿಮೆ. ಆದರೆ ಇಲ್ಲಿ ಕೊಡಗಿನ ಹಾಗೆ ರಸ್ತೆಗೊಂದು ಬೋರ್ಡ್ ಇಲ್ಲ. ತೋಟದಲ್ಲಿ ಒಂದೆರಡು ಕೋಣೆ ಬಿಟ್ಟುಕೊಡುವ ಮನೆ ಹುಡುಕಬೇಕು, ಫೋನ್ ಮಾಡಬೇಕು, ಪರಿಚಯದವರ ಮೂಲಕ ಕೇಳಬೇಕು. ಆ ಕಾರಣಕ್ಕೇ ಮುಂಚಿತ ತಯಾರಿ ಇಲ್ಲಿ ಜಾಸ್ತಿ ಮುಖ್ಯ.

ಹೋಂಸ್ಟೇ ಬೇರೆ, ರೆಸಾರ್ಟ್ ಬೇರೆ

ಒಂದು ಪದ ಬಿಡಿಸಿಕೊಳ್ಳೋಣ. 'ಬೆಡ್ ಅಂಡ್ ಬ್ರೇಕ್‌ಫಾಸ್ಟ್' ಅಂದ್ರೆ ಮಲಗೋಕೆ ಜಾಗ, ಬೆಳಿಗ್ಗೆ ತಿಂಡಿ. ಬ್ರಿಟನ್, ಐರ್ಲೆಂಡ್ ಕಡೆ ಮನೆಯವರು ತಮ್ಮ ಮನೆಯ ಖಾಲಿ ಕೋಣೆಯನ್ನು ದಾರಿಹೋಕರಿಗೆ ಕೊಡ್ತಿದ್ದ ಪದ್ಧತಿ ಅದು. ಏರ್‌ಬಿಎನ್‌ಬಿ ಅನ್ನೋ ಕಂಪನಿಯ ಹೆಸರಿನ ಬಾಲದಲ್ಲಿರೋದೂ ಅದೇ ಬೆಡ್ ಅಂಡ್ ಬ್ರೇಕ್‌ಫಾಸ್ಟ್. ನಮ್ಮಲ್ಲಿ ಅದಕ್ಕೆ ಹೋಂಸ್ಟೇ ಅನ್ನೋ ಹೆಸರು ನಿಂತಿದೆ.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ 'ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್' ಯೋಜನೆ ಇದಕ್ಕೆ ಒಂದು ಅಳತೆ ಇಟ್ಟಿದೆ. ಅತಿಥಿಗಳಿಗೆ ಕೊಡುವ ಕೋಣೆ ಕನಿಷ್ಠ 1, ಗರಿಷ್ಠ 6. ಮಾಲೀಕರು ಅಥವಾ ಅವರ ಕುಟುಂಬ ಅದೇ ಮನೆಯಲ್ಲಿ ವಾಸ ಇರಬೇಕು. ಸೌಲಭ್ಯ ನೋಡಿ ಗೋಲ್ಡ್, ಸಿಲ್ವರ್ ಅಂತ ಎರಡು ದರ್ಜೆ.

ಇದರಲ್ಲಿ ಮುಖ್ಯ ಮಾತು 'ಕುಟುಂಬ ವಾಸ ಇರಬೇಕು' ಅನ್ನೋದು. 20 ಕೋಣೆ ಕಟ್ಟಿ, ಮ್ಯಾನೇಜರ್ ಇಟ್ಟು, ಈಜುಕೊಳ ತೋಡಿ, ಗೇಟಿನ ಮೇಲೆ ಹೋಂಸ್ಟೇ ಅಂತ ಬರೆದರೆ ಅದು ಹೋಂಸ್ಟೇ ಆಗೋಲ್ಲ, ಸಣ್ಣ ಹೋಟೆಲ್ ಆಗುತ್ತೆ. ಹೋಟೆಲ್ ಬೇಕಾದವರು ಹೋಟೆಲಿಗೇ ಹೋಗಲಿ, ತಪ್ಪೇನಿಲ್ಲ. ಆದರೆ ತೋಟದ ಮನೆಗೆ ಹೋಗ್ತೀವಿ ಅಂದ್ರೆ, ಬೇರೆಯವರ ದಿನಚರಿಯ ಒಳಗೆ ಕಾಲಿಡ್ತಿದ್ದೀವಿ ಅನ್ನೋದು ತಲೆಯಲ್ಲಿರಬೇಕು. ಪ್ರವಾಸದ ಯೋಜನೆ ಶುರುವಾಗಬೇಕಾದ್ದು ಇಲ್ಲಿಂದ.

ಕೊಡಗು ಕಲಿಸಿದ ಎರಡು ಪಾಠ

ಕೊಡಗು, ಚಿಕ್ಕಮಗಳೂರಿನಲ್ಲಿ ಹೋಂಸ್ಟೇ ಯಾಕೆ ಅಷ್ಟು ಬೆಳೀತು? ಹಸಿರು, ಮಂಜು ಎಲ್ಲಾ ಸರಿ. ಅದರ ಹಿಂದೆ ಬೆಲೆಯ ಕಥೆಯೂ ಇದೆ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ 1989ರಲ್ಲಿ ಮುರಿದುಬಿತ್ತು. 2000ದ ನಂತರದ ಮೂರ್ನಾಲ್ಕು ವರ್ಷ ಕಾಫಿ ಬೆಲೆ ಪಾತಾಳ ಕಂಡಿತು. ತೋಟ ಇದೆ, ದೊಡ್ಡ ಮನೆ ಇದೆ, ಕೈಯಲ್ಲಿ ಕಾಸಿಲ್ಲ. ಆಗ ಅನೇಕ ಬೆಳೆಗಾರರು ಮನೆಯ ಖಾಲಿ ಕೋಣೆಗಳ ಬಾಗಿಲು ತೆಗೆದರು. ಅತಿಥಿ ಕೊಟ್ಟ ದುಡ್ಡು ತೋಟ ಉಳಿಸಿತು. ಇದು ಮೊದಲ ಪಾಠ.

ಎರಡನೇ ಪಾಠ ಬಂದಿದ್ದು 2018ರ ಆಗಸ್ಟ್‌ನಲ್ಲಿ. ಮಳೆ, ಭೂಕುಸಿತ. ಪ್ರವಾಸಿಗರು ಬರೋದು ಒಮ್ಮೆಲೇ ನಿಂತುಹೋಯ್ತು. 2020ರಲ್ಲಿ ಕೊರೊನಾ ಬಂದು ಮತ್ತೆ ನಿಂತಿತು. ಸಾಲ ಮಾಡಿ ಹೊಸ ಕಟ್ಟಡ ಎಬ್ಬಿಸಿದವರಿಗೆ ಕಂತು ಮಾತ್ರ ನಿಲ್ಲಲಿಲ್ಲ. ಅಂದ್ರೆ, ಬೆಳೆಯ ಬೆಲೆ ಬೀಳುವ ಹಾಗೆ ಪ್ರವಾಸವೂ ಬೀಳುತ್ತೆ. ಎರಡೂ ಕಾಲು ಇದ್ದರೆ ನಿಲ್ಲಬಹುದು. ಒಂದು ಕಾಲು ಕಡಿದು ಇನ್ನೊಂದರ ಮೇಲೆ ನಿಂತರೆ ಕಷ್ಟ.

ಇಟಲಿಯವರು ಈ ವಿಷಯದಲ್ಲಿ ಜಾಣರು. ಹಳ್ಳಿ ಮನೆಗಳಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳೋಕೆ ಅಲ್ಲಿ 'ಅಗ್ರಿತುರಿಸ್ಮೋ' ಅಂತಾರೆ. 1985ರಲ್ಲೇ ಅದಕ್ಕೊಂದು ಕಾನೂನು ಮಾಡಿದರು. ಅದರ ತಿರುಳು ಇಷ್ಟೇ: ಬೇಸಾಯವೇ ಮುಖ್ಯ ಕಸುಬಾಗಿ ಉಳೀಬೇಕು, ಆತಿಥ್ಯ ಅದರ ಜೊತೆಗೆ ನಡೀಬೇಕು. ಬೇಸಾಯ ಬಿಟ್ಟು ಬರೀ ಕೋಣೆ ಬಾಡಿಗೆ ನಡೆಸಿದರೆ ಆ ಹೆಸರು ಬಳಸೋ ಹಾಗಿಲ್ಲ. ನಮ್ಮ ತೆಂಗಿನ ಸೀಮೆಗೆ ಈ ಮಾತು ಚೆನ್ನಾಗಿ ಒಪ್ಪುತ್ತೆ. ಯಾಕೆ ಅಂತ ಮುಂದೆ ಲೆಕ್ಕ ಹಾಕಿ ನೋಡೋಣ.

ಒಂದು ಎಕರೆ ತೋಟದ ಲೆಕ್ಕ

ಈ ಸೀಮೆಯ ಮುಖ್ಯ ಸರಕು ಎಳನೀರೂ ಅಲ್ಲ, ಹಸಿ ಕಾಯಿಯೂ ಅಲ್ಲ, ಉಂಡೆ ಕೊಬ್ಬರಿ. ತಿಪಟೂರಿನ ಎಪಿಎಂಸಿಯಲ್ಲಿ ಹರಾಜಾಗಿ, ಚೀಲ ತುಂಬಿ, ಉತ್ತರ ಭಾರತದ ಹಬ್ಬ, ಪೂಜೆ, ಸಿಹಿತಿಂಡಿಗಳಿಗೆ ಹೋಗುತ್ತೆ. ತಿಪಟೂರಿನ ಕೊಬ್ಬರಿ ಪೇಟೆ ಇಡೀ ದೇಶಕ್ಕೆ ಗೊತ್ತು.

ಬೆಲೆ ನೋಡಿ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ಅದೇ ವರ್ಷ ಪೇಟೆಯಲ್ಲಿ 8,000 ರೂಪಾಯಿ ಆಸುಪಾಸಿಗೆ ಇಳಿದಿತ್ತು. ರೈತರು ಬೀದಿಗಿಳಿದರು, ನಾಫೆಡ್ ಮೂಲಕ ಖರೀದಿ ನಡೀತು. 2024ಕ್ಕೆ ಬೆಂಬಲ ಬೆಲೆ 12,000 ಆಯ್ತು. ಆಮೇಲೆ ಬರ, ರೋಗ, ಎಳನೀರಿಗೆ ಕಾಯಿ ಹೋಗಿದ್ದು ಎಲ್ಲಾ ಸೇರಿ ಕೊಬ್ಬರಿ ಕಡಿಮೆಯಾಗಿ, 2025ರ ಮಧ್ಯದ ಹೊತ್ತಿಗೆ ಪೇಟೆ ಬೆಲೆ 25,000 ದಾಟಿತು. ಎರಡೇ ವರ್ಷದಲ್ಲಿ ಮೂರು ಪಟ್ಟು!

ಈಗ ಸುಮ್ಮನೆ ಲೆಕ್ಕಕ್ಕೆ ಅಂತ ಒಂದು ಎಕರೆ ಇಟ್ಕೊಳ್ಳಿ. 30 ಅಡಿಗೊಂದು ಗಿಡ ಅಂದ್ರೆ ಎಕರೆಗೆ 48 ಮರ. ಮರಕ್ಕೆ ವರ್ಷಕ್ಕೆ 60 ಕಾಯಿ ಹಿಡಿದರೆ 2,880 ಕಾಯಿ. 8 ಕಾಯಿಗೆ ಒಂದು ಕೆಜಿ ಕೊಬ್ಬರಿ ಅಂದ್ರೆ 360 ಕೆಜಿ, ಅಂದ್ರೆ ಮೂರೂವರೆ ಕ್ವಿಂಟಲ್‌ಗೆ ಸ್ವಲ್ಪ ಮೇಲೆ. ಬೆಲೆ 8,000 ಇದ್ದರೆ ಕೈಗೆ 28,800 ರೂಪಾಯಿ. 12,000 ಇದ್ದರೆ 43,200. 25,000 ಇದ್ದರೆ 90,000. ಗೊಬ್ಬರ, ಉಳುಮೆ, ಕಾಯಿ ಕೀಳೋರ ಕೂಲಿ, ಸುಲಿಯೋರ ಕೂಲಿ ಎಲ್ಲಾ ಇದರಲ್ಲೇ ಕಳೀಬೇಕು.

ಇನ್ನು ಅದೇ ಮನೆಯಲ್ಲಿ ಒಂದು ಕೋಣೆ ಅತಿಥಿಗಳಿಗೆ ಅಂತ ಇಟ್ಟಿದ್ದಾರೆ ಅನ್ಕೊಳ್ಳಿ. ವರ್ಷದಲ್ಲಿ 30 ರಾತ್ರಿ ಇಬ್ಬರಿಬ್ಬರು ಬಂದರು, ಊಟ ತಿಂಡಿ ಸೇರಿ ತಲೆಗೆ ದಿನಕ್ಕೆ 1,500 ರೂಪಾಯಿ ಕೊಟ್ಟರು. ಒಟ್ಟು 90,000. ಅರ್ಧ ಖರ್ಚಿಗೆ ಹೋದರೂ 45,000 ಉಳೀತು. 2024ರ ಬೆಂಬಲ ಬೆಲೆಗೆ ಕೊಬ್ಬರಿ ಮಾರಿದ ಒಂದು ಎಕರೆಯ ಹುಟ್ಟುವಳಿಗಿಂತ ಸ್ವಲ್ಪ ಜಾಸ್ತಿ.

ಇದು ಕಾಗದದ ಮೇಲಿನ ಲೆಕ್ಕ. ಒಂದೊಂದು ಮನೆಗೆ ಒಂದೊಂದು ಥರ ಇರುತ್ತೆ. ಆದರೂ ಎರಡು ಮಾತು ಹೇಳುತ್ತೆ. ಬೆಲೆ ಬಿದ್ದ ವರ್ಷ ಈ ಹಣ ಮನೆಯ ಮಾನ ಕಾಯಬಹುದು. ಬೆಲೆ ಏರಿದ ವರ್ಷ, 'ಯಾಕಪ್ಪಾ ಈ ತಾಪತ್ರಯ' ಅನ್ನಿಸಬಹುದು. ಹಾಗಾಗಿ ಬೆಲೆ ಬಿದ್ದ ಸಿಟ್ಟಿನಲ್ಲಿ ಸಾಲ ಮಾಡಿ ಕಾಟೇಜ್ ಕಟ್ಟೋರೂ, ಬೆಲೆ ಏರಿದ ಖುಷಿಯಲ್ಲಿ ಇದ್ದ ಅತಿಥಿಗಳನ್ನು ಕೈಬಿಡೋರೂ ಇಬ್ಬರೂ ಆತುರ ಪಟ್ಟ ಹಾಗೆ.

ಹಾಗಾದ್ರೆ ಅಲ್ಲೇನಿದೆ ನೋಡೋಕೆ?

ಮೊದಲು ನೋಡಬೇಕಾದ್ದು ಅಟ್ಟ. ಮರದಿಂದ ಇಳಿಸಿದ ಕಾಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಸುಮಾರು ಹತ್ತರಿಂದ ಹನ್ನೆರಡು ತಿಂಗಳು ಬಿಡ್ತಾರೆ. ಒಳಗಿನ ನೀರು ನಿಧಾನಕ್ಕೆ ಇಂಗುತ್ತೆ. ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತೆ. ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಲೊಟಲೊಟ ಸದ್ದು. ಆಗ ಸುಲಿದು, ಚಿಪ್ಪು ಒಡೆದರೆ ಉಂಡೆಗೆ ಉಂಡೆಯೇ ಕೈಗೆ ಬರುತ್ತೆ. ಇದರಲ್ಲಿ ಬೆಂಕಿ ಇಲ್ಲ, ಯಂತ್ರ ಇಲ್ಲ, ಕಾಯೋದಷ್ಟೇ. ಇವತ್ತು ಅಟ್ಟಕ್ಕೆ ಏರಿದ ಕಾಯಿಯ ಬೆಲೆ ಮುಂದಿನ ವರ್ಷ ಎಷ್ಟಿರುತ್ತೋ, ಮನೆಯ ಯಜಮಾನರಿಗೂ ಗೊತ್ತಿರೋಲ್ಲ. ಅಟ್ಟದ ಕೆಳಗೆ ನಿಂತು ಈ ಮಾತು ಕೇಳಿದ ಮಗು ಮುಂದೆ ಯಾವತ್ತೂ ಕೊಬ್ಬರಿ ತುಣುಕನ್ನು ಹಗುರವಾಗಿ ನೋಡೋಲ್ಲ.

ಎರಡನೆಯದು ತಿಪಟೂರಿನ ಪೇಟೆ. ಹರಾಜು ವಾರವಿಡೀ ನಡೆಯೋಲ್ಲ, ನಿಗದಿಯಾದ ದಿನಗಳಲ್ಲಿ ಮಾತ್ರ. ಯಾವ ದಿನ ಅನ್ನೋದನ್ನು ಮನೆಯವರ ಹತ್ತಿರ ಕೇಳಿಕೊಂಡೇ ಪ್ರವಾಸದ ದಿನ ಗೊತ್ತು ಮಾಡಿ. ಅವರು ಕೊಬ್ಬರಿ ತಗೊಂಡು ಹೋಗುವ ದಿನವೇ ಜೊತೆಗೆ ಹೋದರಂತೂ ಇನ್ನೂ ಒಳ್ಳೇದು. ಪೇಟೆಯಲ್ಲಿ ಕೆಲಸ ಮಾಡೋರ ದಾರಿಗೆ ಅಡ್ಡ ನಿಂತು ಫೋಟೋ ತೆಗೀಬೇಡಿ, ಅಷ್ಟೇ.

ಮೂರನೆಯದು ಗುಡಿಗಳು. ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಅಲ್ಲಿ ಜಾತ್ರೆ. ಅದೇ ಹೊಯ್ಸಳರ ಕೆಲಸ ತೆಂಗಿನ ತೋಟಗಳ ನಡುವೆ ಸದ್ದಿಲ್ಲದೆ ನಿಂತಿದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿ ಇನ್ನೂ ಹಳೇದು, 9ನೇ ಶತಮಾನದ್ದು. ಒಳಗೆ ಹೋಗಿ ತಲೆ ಎತ್ತಿ ನೋಡಿ: ಛಾವಣಿಯ ನಡುವೆ ನರ್ತಿಸುವ ಶಿವ, ಸುತ್ತ ಅಷ್ಟದಿಕ್ಪಾಲಕರು. ಅದೇ ಊರಿನಲ್ಲಿ ಹೊಯ್ಸಳರ ಚೆನ್ನಕೇಶವ ಗುಡಿಯೂ ಇದೆ. ತುರುವೇಕೆರೆ ಪಟ್ಟಣದಲ್ಲೇ 13ನೇ ಶತಮಾನದ ಚೆನ್ನಕೇಶವ ಮತ್ತು ಮೂಲೆ ಶಂಕರೇಶ್ವರ ಗುಡಿಗಳು, ಗಂಗಾಧರೇಶ್ವರನ ಎದುರಿನ ನುಣುಪು ಕಪ್ಪು ಕಲ್ಲಿನ ನಂದಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಸೆಟ್ಟಿಕೆರೆಯಲ್ಲಿ 1261ರ ಯೋಗಮಾಧವ ಗುಡಿ. ಇನ್ನೂ ಸ್ವಲ್ಪ ದೂರ ಹೋಗೋ ಮನಸ್ಸಿದ್ದರೆ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ಗುಡಿ. ಅಲ್ಲಿನ ವಿಗ್ರಹಗಳ ಕೆಳಗೆ ಮಲ್ಲಿತಮ್ಮ, ಬೈಚೋಜ ಅನ್ನೋ ಶಿಲ್ಪಿಗಳ ಹೆಸರು ಸಿಗುತ್ತೆ.

ಒಂದು ಎಚ್ಚರಿಕೆ. ಸಣ್ಣ ಊರಿನ ಗುಡಿಗಳು ಸದಾ ತೆರೆದಿರೋಲ್ಲ. ಬೀಗದ ಕೈ ಅರ್ಚಕರ ಮನೆಯಲ್ಲೋ ಕಾವಲಿನವರ ಹತ್ತಿರವೋ ಇರುತ್ತೆ. ಬೆಳಿಗ್ಗೆ ಹೋದರೆ ಅನುಕೂಲ. ನಿಮ್ಮ ಆತಿಥೇಯರಿಗೆ ಹಿಂದಿನ ದಿನವೇ ಹೇಳಿದರೆ ಒಂದು ಫೋನಿನಲ್ಲಿ ಬಾಗಿಲು ತೆಗೆಸ್ತಾರೆ. ಹೋಟೆಲಿನಲ್ಲಿ ಉಳಿದವರಿಗೆ ಸಿಗದ ಸೌಲಭ್ಯ ಇದು.

ಸಾಹಿತ್ಯ ಓದುವವರಿಗೆ ಇನ್ನೊಂದು ನೆಪ ಇದೆ. ಬಿಎಂಶ್ರೀ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ತೀನಂಶ್ರೀ ಅವರದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರ. ಇನ್ನು ಸಂಜೆಗೆ ಕೆರೆ ಏರಿಯ ಮೇಲೆ ನಡೆದಾಡೋಕೆ ತುರುವೇಕೆರೆ ಕಡೆ ಮಲ್ಲಾಘಟ್ಟ ಕೆರೆ, ಚಿಕ್ಕನಾಯಕನಹಳ್ಳಿ ಕಡೆ ಬೋರನಕಣಿವೆ ಜಲಾಶಯ.

ಯಾವಾಗ ಹೋಗಬೇಕು?

ನಮ್ಮ ರಜೆ ನೋಡಿ ಹೋಗೋದು ಅಭ್ಯಾಸ. ತೋಟದ ಮನೆಗೆ ಅವರ ಕ್ಯಾಲೆಂಡರ್ ನೋಡಿ ಹೋಗಬೇಕು.

ನವೆಂಬರ್‌ನಿಂದ ಫೆಬ್ರವರಿ ಮೊದಲ ವಾರದವರೆಗೆ ಒಳ್ಳೇ ಕಾಲ. ಮಳೆ ನಿಂತಿರುತ್ತೆ, ಕೆರೆಯಲ್ಲಿ ನೀರಿರುತ್ತೆ, ಬೆಳಿಗ್ಗೆ ಚಳಿ. ನವೆಂಬರ್–ಡಿಸೆಂಬರ್ ರಾಗಿ ಕೊಯ್ಲು, ಕಣದ ಕೆಲಸ. ಡಿಸೆಂಬರ್–ಜನವರಿ ಅಂದ್ರೆ ಸೊಗಡಿನ ಅವರೆಕಾಯಿ. ಹಿತಕಿದ ಬೇಳೆ ಸಾರಿಗೆ ಬಿಸಿ ರಾಗಿಮುದ್ದೆ ಇದ್ದರೆ ಬೇರೆ ಏನೂ ಕೇಳೋದಿಲ್ಲ. ಆದರೆ ಕೊಯ್ಲಿನ ದಿನಗಳಲ್ಲಿ ಮನೆಯವರಿಗೆ ಪುರುಸೊತ್ತು ಕಡಿಮೆ. 'ಕಣದಲ್ಲಿ ಕೆಲಸ ಇದ್ದರೆ ನಾವೂ ಬರ್ತೀವಿ, ನಮ್ಮ ಕಡೆ ಗಮನ ಕೊಡಬೇಕಂತಿಲ್ಲ' ಅಂತ ಮೊದಲೇ ಹೇಳಿದರೆ ಇಬ್ಬರಿಗೂ ನೆಮ್ಮದಿ.

ಮಾರ್ಚ್‌ನಿಂದ ಮೇ ತನಕ ಬಿಸಿಲು ಜೋರು. ಶಾಲೆ ರಜೆ ಇರೋದೂ ಆಗಲೇ. ತೆಂಗಿನ ನೆರಳು ಇದೆ ಅಂತ ಹೋಗಬಹುದು, ಆದರೆ ಮಧ್ಯಾಹ್ನ ಹೊರಗೆ ತಿರುಗೋ ಆಸೆ ಬಿಡಿ. ಬೋರ್‌ವೆಲ್ ನೀರಿನ ಪರಿಸ್ಥಿತಿ ಹೇಗಿದೆ ಅಂತ ಕೇಳಿ. ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಳೆ ಚೆನ್ನಾಗಿ ಬೀಳುವ ಕಾಲ, ತೋಟ ಹಸಿರಾಗಿರುತ್ತೆ, ಮಣ್ಣಿನ ದಾರಿಯಲ್ಲಿ ಕಾರು ಹೂತುಕೊಳ್ಳೋದೂ ಆಗಲೇ.

ಗೌರಿ ಗಣೇಶ, ದೀಪಾವಳಿ, ಯುಗಾದಿ, ಊರ ಜಾತ್ರೆ, ಈ ದಿನಗಳಲ್ಲಿ ಕರೆದರೆ ಮಾತ್ರ ಹೋಗಿ. ಆ ಮನೆಯ ಮಕ್ಕಳು ಬೆಂಗಳೂರಿನಿಂದ ಊರಿಗೆ ಬರೋದು ಆಗಲೇ. ಅವರು ಮಲಗೋ ಕೋಣೆಯೇ ನಿಮಗೆ ಕೊಡೋ ಕೋಣೆ ಆಗಿರಬಹುದು.

ಬುಕ್ ಮಾಡುವ ಮುನ್ನ ಫೋನಿನಲ್ಲಿ ಕೇಳಿ

ಫೋಟೋ ನೋಡಿ ದುಡ್ಡು ಕಳಿಸಬೇಡಿ. ಒಂದು ಸಲ ಮಾತಾಡಿ. ಹತ್ತು ನಿಮಿಷದ ಮಾತಿನಲ್ಲಿ ಅರ್ಧ ವಿಷಯ ತಿಳಿಯುತ್ತೆ.

ಮೊದಲನೇದು: 'ನೀವು ಅದೇ ಮನೆಯಲ್ಲಿ ಇರ್ತೀರಾ?' ಇರ್ತಾರೆ ಅಂದ್ರೆ ಅದು ಹೋಂಸ್ಟೇ. 'ಇಲ್ಲ, ಹುಡುಗ ಇರ್ತಾನೆ' ಅಂದ್ರೆ ಅದಕ್ಕೆ ತಕ್ಕ ಹಾಗೆ ಯೋಚನೆ ಮಾಡಿ.

ಎರಡನೇದು: ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ? ಬರುವವರ ಗುರುತಿನ ಚೀಟಿ ನೋಡಿ ಪುಸ್ತಕದಲ್ಲಿ ಬರೆದುಕೊಳ್ತಾರಾ? ನಿಮ್ಮ ಆಧಾರ್ ಕೇಳಿದರೆ ಬೇಜಾರು ಮಾಡ್ಕೋಬೇಡಿ. ಕೇಳದೇ ಇದ್ದರೆ ಸ್ವಲ್ಪ ಅನುಮಾನ ಪಡಿ. ನಿಮ್ಮ ಜೊತೆ ವಿದೇಶಿ ಪಾಸ್‌ಪೋರ್ಟ್ ಇರುವ ನೆಂಟರು ಬರ್ತಿದ್ದರೆ ಮೊದಲೇ ಹೇಳಿ. ಅವರ ವಿವರವನ್ನು 24 ಗಂಟೆಯೊಳಗೆ ಸರ್ಕಾರಕ್ಕೆ ಸಲ್ಲಿಸುವ ಹೊಣೆ ಮನೆಯವರದು. ಎಷ್ಟೋ ಮನೆಗಳಿಗೆ ಅದು ಹೊಸ ಕೆಲಸ.

ಮೂರನೇದು: ಶೌಚಾಲಯ ಕೋಣೆಗೆ ಸೇರಿಕೊಂಡಿದೆಯಾ, ಹೊರಗಿದೆಯಾ? ಮಂಡಿ ನೋವಿನವರಿಗೆ ಕಮೋಡ್ ಇದೆಯಾ? ಬಿಸಿನೀರು ಗೀಸರ್‌ನಲ್ಲೋ ಹಂಡೆಯಲ್ಲೋ? ತೆಂಗಿನ ಮಟ್ಟೆ ಉರಿಸಿದ ಹಂಡೆ ನೀರು ಸುಖವೇ, ಆದರೆ ಬೆಳಿಗ್ಗೆ ಐದಕ್ಕೆ ಬೇಕು ಅಂದ್ರೆ ಯಾರೋ ನಾಲ್ಕಕ್ಕೆ ಎದ್ದು ಒಲೆ ಹಚ್ಚಬೇಕು.

ನಾಲ್ಕನೇದು: ಊಟ. ಈ ಕಡೆ ಬಹಳಷ್ಟು ಮನೆಗಳು ಸಸ್ಯಾಹಾರಿ. ಮಾಂಸದೂಟ ಮಾಡ್ತಾರಾ, ಮದ್ಯಕ್ಕೆ ಅವಕಾಶ ಇದೆಯಾ ಅನ್ನೋದನ್ನು ಅಲ್ಲಿಗೆ ಹೋದ ಮೇಲೆ ಕೇಳಿ ಮುಜುಗರ ಮಾಡೋದು ಬೇಡ. ಇಲ್ಲ ಅಂದ್ರೆ ಒಪ್ಪಿಕೊಳ್ಳಿ, ಇಲ್ಲವಾದರೆ ಬೇರೆ ಮನೆ ನೋಡಿ. ಏನು ಬೇಕು ಅಂತ ಅವರು ಕೇಳಿದರೆ 'ಒತ್ತು ಶಾವಿಗೆ, ಕಾಯಿಹಾಲು' ಅಂತ ಒಂದು ಹೊತ್ತಿಗೆ ಹೇಳಿ. ಉಳಿದ ಹೊತ್ತು ಮನೆಯಲ್ಲಿ ಏನು ಮಾಡ್ತಾರೋ ಅದು.

ಐದನೇದು: ದಾರಿ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಪಟ್ಟಣಗಳಿಗೆ ರೈಲಿಲ್ಲ. ತುರುವೇಕೆರೆಗೆ ಬಾಣಸಂದ್ರದಲ್ಲೋ, ಚಿಕ್ಕನಾಯಕನಹಳ್ಳಿಗೆ ತಿಪಟೂರಿನಲ್ಲೋ ಇಳಿದು ಬಸ್ ಹಿಡೀಬೇಕು. ಎಲ್ಲಾ ಗಾಡಿಗಳೂ ಸಣ್ಣ ನಿಲ್ದಾಣದಲ್ಲಿ ನಿಲ್ಲೋಲ್ಲ, ನೋಡಿಕೊಂಡು ಟಿಕೆಟ್ ಮಾಡಿಸಿ. ಸ್ಟೇಷನ್ನಿಂದ ತೋಟಕ್ಕೆ ಯಾರಾದರೂ ಬಂದು ಕರ್ಕೊಂಡು ಹೋಗ್ತಾರಾ, ಅದಕ್ಕೆ ಎಷ್ಟು ಕೊಡಬೇಕು ಅನ್ನೋದನ್ನೂ ಮಾತಾಡಿಕೊಳ್ಳಿ.

ಆರನೇದು: ದುಡ್ಡು. ತಲೆಗೆ ಎಷ್ಟು, ಮಕ್ಕಳಿಗೆ ಎಷ್ಟು, ಊಟ ಸೇರಿದೆಯಾ, ಬರದೇ ಹೋದರೆ ಮುಂಗಡ ವಾಪಸ್ ಬರುತ್ತಾ? ಎರಡೂ ಕಡೆಯವರಿಗೆ ಗೊತ್ತಿರಲಿ ಅಂತ ವಾಟ್ಸ್ಆ್ಯಪ್‌ನಲ್ಲಿ ಬರೆದು ಕಳಿಸಿ. ಬುಕಿಂಗ್ ಆ್ಯಪ್‌ಗಳು ಕಮಿಷನ್ ಹಿಡೀತವೆ. ಎರಡನೇ ಸಲ ಹೋಗೋವಾಗ ನೇರ ಮನೆಗೇ ಫೋನ್ ಮಾಡಿದರೆ ಆ ದುಡ್ಡು ಮನೆಗೇ ಸೇರುತ್ತೆ.

ಹೋದ ಮೇಲೆ

ತೆಂಗಿನ ಮರದ ಕೆಳಗೆ ಕಾರು ನಿಲ್ಲಿಸಬೇಡಿ, ಚಾಪೆ ಹಾಸಿ ಮಲಗಬೇಡಿ. ನಗು ಬರಬಹುದು, ಆದರೆ ಒಣಗಿದ ಗರಿ, ಬಲಿತ ಕಾಯಿ ಯಾವಾಗ ಬೀಳುತ್ತೆ ಅಂತ ಮರ ಹೇಳೋಲ್ಲ. ಕೂರಬಹುದಾದ ಜಾಗ ಮನೆಯವರು ತೋರಿಸ್ತಾರೆ. ಮಕ್ಕಳಿಗೆ ಬಾವಿ, ಕೃಷಿ ಹೊಂಡ, ಪಂಪ್‌ಸೆಟ್ ತಂತಿ ಎಲ್ಲೆಲ್ಲಿದೆ ಅಂತ ಬಂದ ಗಂಟೆಯೊಳಗೆ ತೋರಿಸಿಬಿಡಿ. ಹೊಂಡದ ಅಂಚಿಗೆ ಹಾಸಿರೋ ಪ್ಲಾಸ್ಟಿಕ್ ಜಾರುತ್ತೆ, ಒಳಗೆ ಬಿದ್ದರೆ ದೊಡ್ಡವರಿಗೂ ಹತ್ತೋದು ಕಷ್ಟ. ರಾತ್ರಿ ಅಂಗಳಕ್ಕೆ ಇಳಿಯೋವಾಗ ಕೈಯಲ್ಲಿ ಬ್ಯಾಟರಿ, ಕಾಲಿಗೆ ಚಪ್ಪಲಿ ಇರಲಿ. ಮಟ್ಟೆ ರಾಶಿಯೊಳಗೆ ಕೈ ಹಾಕಬೇಡಿ, ಅಲ್ಲಿ ಚೇಳೂ ಇರಬಹುದು, ಹಾವೂ ಇರಬಹುದು.

ಕರೆಂಟ್ ಹೋಗುತ್ತೆ, ಬರುತ್ತೆ. ಪಂಪ್‌ಗೆ ತ್ರೀ ಫೇಸ್ ಬರುವ ಹೊತ್ತು ನೋಡಿ ಮನೆಯವರು ನೀರು ಬಿಡೋಕೆ ಓಡ್ತಾರೆ. ಅರ್ಧ ರಾತ್ರಿ ಆಗಿದ್ದರೂ ಓಡ್ತಾರೆ. ಅದನ್ನು ನೋಡಿದರೆ ಸಾಕು, ತೋಟ ಅಂದ್ರೇನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ಹೋಂಸ್ಟೇಯ ಬೋರ್ಡಿನಲ್ಲಿ ಯಜಮಾನರ ಹೆಸರು ಇರುತ್ತೆ, ಕೆಲಸ ಬೀಳೋದು ಮಾತ್ರ ಹೆಣ್ಣುಮಕ್ಕಳ ಮೇಲೆ. ಬೆಳಿಗ್ಗೆ ಹಾಲು ಕರೆಯೋದು, ತಿಂಡಿ, ಮಧ್ಯಾಹ್ನದ ಅಡುಗೆ, ಹಾಸಿಗೆ ಬಟ್ಟೆ, ರಾತ್ರಿ ಪಾತ್ರೆ. ಅತಿಥಿ ನಗುನಗ್ತಾ 'ಇನ್ನೊಂದು ರೌಂಡ್ ಕಾಫಿ' ಅಂದಾಗ ಅದು ಯಾರ ಮೈಮೇಲೆ ಬೀಳ್ತಿದೆ ಅಂತ ನೋಡಿ. ಊಟದ ಹೊತ್ತು ಹೇಳಿ, ಆ ಹೊತ್ತಿಗೆ ಬನ್ನಿ. ತಡ ಆದರೆ ಫೋನ್ ಮಾಡಿ. ಊಟ ಚೆನ್ನಾಗಿತ್ತು ಅನ್ನೋದನ್ನು ಜಗಲಿಯಲ್ಲಿ ಕೂತ ಯಜಮಾನರಿಗಲ್ಲ, ಅಡುಗೆಮನೆ ಬಾಗಿಲಿಗೆ ಹೋಗಿ ಅಮ್ಮನಿಗೆ ಹೇಳಿ.

ಬಾಗಿಲು ತೆರೆಯುವವರಿಗೆ ಎರಡು ಮಾತು

ಕೇಳುಗರಲ್ಲಿ ಈ ತಾಲ್ಲೂಕಿನವರೂ ಇದ್ದೀರಿ. ನಾವೂ ಶುರು ಮಾಡೋಣವಾ ಅಂತ ಯೋಚಿಸ್ತಿರೋರಿಗೆ ಇಷ್ಟು ಹೇಳಬಹುದು.

ಮೊದಲ ವರ್ಷ ಹೊಸ ಗೋಡೆ ಎಬ್ಬಿಸಬೇಡಿ. ಇರೋ ಒಂದು ಕೋಣೆ, ಒಂದು ಒಳ್ಳೇ ಬಚ್ಚಲು, ಒಗೆದ ಹಾಸಿಗೆ, ಇಷ್ಟರಲ್ಲೇ ಶುರು ಮಾಡಿ. ಅತಿಥಿ ಬಂದರೆ ಬರಲಿ, ಬರದಿದ್ದರೆ ಕೋಣೆ ಮಕ್ಕಳಿಗೆ ಆಗುತ್ತೆ. ತೋಟದ ಒಂದು ಮರವನ್ನೂ ಪಾರ್ಕಿಂಗ್‌ಗೆ ಅಂತ ಕಡೀಬೇಡಿ. ಜನ ಬರೋದೇ ಆ ಮರ ನೋಡೋಕೆ. ಅಡುಗೆ ಮಾಡಿ ದುಡ್ಡು ತಗೊಳ್ತೀರಿ ಅಂದ ಮೇಲೆ ಆಹಾರ ಸುರಕ್ಷತೆಯ ನೋಂದಣಿ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಮಾಡಿಸಿ. ಬರುವ ಹಣದಲ್ಲಿ ಮನೆಯ ಹೆಂಗಸರ ಪಾಲು ಇಷ್ಟು ಅಂತ ಮೊದಲೇ ಗೊತ್ತು ಮಾಡಿ, ಅವರ ಖಾತೆಗೇ ಹಾಕಿ. ಅವರಿಗೆ ಸಾಕಾದ ವಾರ ಯಾರನ್ನೂ ಒಪ್ಪಿಕೊಳ್ಳಬೇಡಿ.

ಕೊನೇದು, ಹೇಳೋಕೆ ಕಷ್ಟದ ಮಾತು. 'ನಿಮ್ಮದು ಯಾವ ಜನ?' ಅಂತ ಕೇಳೋದು ನಮ್ಮ ಹಳ್ಳಿಗಳಲ್ಲಿ ಇನ್ನೂ ಹೋಗಿಲ್ಲ. ದುಡ್ಡು ತಗೊಂಡು ಅತಿಥಿಗಳಿಗೆ ಬಾಗಿಲು ತೆರೆದ ಮೇಲೆ ಆ ಪ್ರಶ್ನೆಗೆ ಅಲ್ಲಿ ಜಾಗ ಇಲ್ಲ. ಒಬ್ಬರಿಗೆ ಸ್ಟೀಲ್ ತಟ್ಟೆ, ಒಬ್ಬರಿಗೆ ಕಾಗದದ ತಟ್ಟೆ ನಡೆಯೋಲ್ಲ. ಅದು ಒಪ್ಪಿಗೆ ಇಲ್ಲದ ಮನೆ ಈ ಕಸುಬಿಗೆ ಬರೋದು ಬೇಡ.

ಎರಡು ರಾತ್ರಿಯ ಒಂದು ಯೋಜನೆ

ಒಟ್ಟುಗೂಡಿಸಿ ಹೇಳೋದಾದ್ರೆ ಹೀಗೆ ಮಾಡಬಹುದು. ಮೊದಲ ದಿನ ಬೆಳಿಗ್ಗೆ ರೈಲು, ಮಧ್ಯಾಹ್ನದ ಹೊತ್ತಿಗೆ ತೋಟ. ಊಟ, ಸಂಜೆ ತೋಟ ಸುತ್ತೋದು, ಅಟ್ಟ ನೋಡೋದು, ಬೇರೇನೂ ಬೇಡ. ಎರಡನೇ ದಿನ ಬೆಳಿಗ್ಗೆ ಅರಳಗುಪ್ಪೆ, ಅಲ್ಲಿಂದ ತುರುವೇಕೆರೆ, ಮಧ್ಯಾಹ್ನ ವಾಪಸ್ ಬಂದು ಊಟ, ಸಂಜೆ ಕೆರೆ ಏರಿ. ಉಳಿದುಕೊಂಡ ಮನೆ ಚಿಕ್ಕನಾಯಕನಹಳ್ಳಿ ಕಡೆ ಇದ್ದರೆ ಸೆಟ್ಟಿಕೆರೆ, ಬೋರನಕಣಿವೆ. ಮೂರನೇ ದಿನ ಹರಾಜಿನ ದಿನವಾಗಿದ್ದರೆ ತಿಪಟೂರಿನ ಪೇಟೆ, ಅಲ್ಲಿಂದಲೇ ರೈಲು. ಮನೆಗೆ ಅಂತ ಎರಡು ಕೆಜಿ ಕೊಬ್ಬರಿ ಬೇಕಾದರೆ ಉಳಿದುಕೊಂಡ ಮನೆಯಲ್ಲೇ ತಗೊಳ್ಳಿ, ಪೇಟೆ ಬೆಲೆಯನ್ನೇ ಕೊಡಿ, ಚೌಕಾಸಿ ಬೇಡ.

'ಅಲ್ಲೇನಿದೆ ನೋಡೋಕೆ?' ಅಂತ ಕೇಳಿದವರಿಗೆ ವಾಪಸ್ ಬಂದ ಮೇಲೆ ಉತ್ತರ ಹೇಳಬಹುದು: ವರ್ಷಗಟ್ಟಲೆ ಅಟ್ಟದ ಮೇಲೆ ಕಾಯಿ ಇಟ್ಟು, ನಾಳೆಯ ಬೆಲೆ ಗೊತ್ತಿಲ್ಲದೆ ಕಾಯೋ ಜನ ಇದ್ದಾರೆ. ಅವರ ಮನೆಯಲ್ಲಿ ಎರಡು ದಿನ ಇದ್ದು ಬಂದ್ವಿ ಅಂತ.

ನೀವು ಹೋಗಿ ಬಂದ ತೋಟದ ಮನೆಯ ಅನುಭವ ಇದ್ದರೆ ನಮಗೆ ಬರೆದು ತಿಳಿಸಿ.